ಕೂರಲೊಲ್ಲದ ಸದ್ದು

ನಮ್ಮೂರಿನಲ್ಲಿ ಸದ್ದು ತಾನಾಗಿ ಅಡಗುವುದಿಲ್ಲ. ಊರಿನ ಸುತ್ತ ಬಂಡೆಗಳು ಬೋಗುಣಿಯ ಅಂಚಿನಂತೆ ಎದ್ದು ನಿಂತಿವೆ. ಜೋರಾಗಿ ಎದ್ದ ಸದ್ದು ಒಂದು ಬಂಡೆಗೆ ತಾಗಿ ಇನ್ನೊಂದಕ್ಕೆ ಹಾರುತ್ತದೆ, ಅಲ್ಲಿಂದ ಮತ್ತೊಂದಕ್ಕೆ, ಕೊನೆಗೆ ಹೊರಟಲ್ಲಿಗೇ ಬಂದು ಮತ್ತೆ ಹೊರಡುತ್ತದೆ. ಅದರ ಸರಿಯಾದ ಹೆಸರು ಹಿಡಿದು ಕರೆಯಬೇಕು. ಆಗ ಮಾತ್ರ ದಣಿದ ಹಕ್ಕಿಯ ಹಾಗೆ ಇಳಿದು ಬಂದು ಕೂರುತ್ತದೆ.

ಕರೆಯುವ ಕೆಲಸ ನನ್ನದು. ನನ್ನ ಅತ್ತೆಯಿಂದ ನನಗೆ ಬಂದದ್ದು, ಅವರಿಗೆ ಅವರ ಅತ್ತೆಯಿಂದ. ಬಾವಿಯ ಎದುರಿಗೆ ಹೆಸರುಕಲ್ಲು ಇದೆ. ಅದರ ಮೇಲೆ ಹತ್ತಿ, ಬಲಗೈಯನ್ನು ಕಿವಿಯ ಹಿಂದೆ ಇಟ್ಟು, ಮೇಲೆ ಸುತ್ತುವ ಸದ್ದನ್ನು ಕೇಳುತ್ತೇನೆ. ಆಮೇಲೆ ಕರೆಯುತ್ತೇನೆ. ಗುಡುಗೇ, ಬಾ. ಸಿಡಿಲೇ, ಬಾ. ಅಬ್ಬರವೇ, ಆರ್ಭಟವೇ, ಬೊಬ್ಬೆಯೇ, ರಂಪವೇ, ಬಾ. ಇಳಿದು ಬಂದ ಸದ್ದನ್ನು ನನ್ನ ಹೆಸರುಮನೆಗೆ ಕರೆದೊಯ್ದು, ಅದರದರ ಗಡಿಗೆಯಲ್ಲಿ ಕೂರಿಸಿ, ಮುಚ್ಚಳ ಹಾಕಿ, ಮೇಲೆ ಬಟ್ಟೆ ಬಿಗಿದು ಕಟ್ಟುತ್ತೇನೆ. ಗುಡುಗಿಗೆ ದೊಡ್ಡ ಹರವಿ, ಸೀನಿಗೆ ಸಣ್ಣ ಕುಡಿಕೆ. ಯಾವುದು ಎಲ್ಲಿದೆ ಎಂದು ಕಣ್ಣು ಕಟ್ಟಿ ಕೇಳಿದರೂ ಹೇಳಬಲ್ಲೆ. ಮುಚ್ಚಳ ಬಿದ್ದ ಮೇಲೆ ಆ ಸದ್ದಿನ ಬಗ್ಗೆ ಯಾರೂ ಮಾತಾಡುವುದಿಲ್ಲ.

ಇನ್ನೊಂದು ಪದ್ಧತಿ ಉಂಟು. ಸದ್ದು ಎಬ್ಬಿಸಿದವರು ಅದು ಕೂರುವವರೆಗೂ ಅಂಗೈಯನ್ನು ಬಾಯಿಯ ಮೇಲೆ ಇಟ್ಟುಕೊಂಡಿರಬೇಕು. ಉಣ್ಣುವಾಗ, ಕೆಲಸ ಮಾಡುವಾಗ ಕೈ ತೆಗೆಯಬಹುದು. ಆದರೆ ಗೋಡೆಗೆ ಮುಖ ಮಾಡಿ ಉಣ್ಣಬೇಕು, ಯಾರೂ ನೋಡದ ಹೊತ್ತಿನಲ್ಲಿ ಕೆಲಸ ಮಾಡಬೇಕು. ಮಾತು ಮಾತ್ರ ಕೂಡದು.

ನಮ್ಮೂರಿನಲ್ಲಿ ಮನುಷ್ಯರಿಗೂ ಹೆಚ್ಚುಕಡಿಮೆ ಇದೇ ನಿಯಮ. ಹೆಸರು ಹಿಡಿದು ಕರೆದರೆ ಕಾಲು ನಿಲ್ಲುತ್ತದೆ, ಹೆಸರು ಹಿಡಿದು ಕಳಿಸಿದರೆ ಕಾಲು ನಡೆಯುತ್ತದೆ. ಹೆಸರು ಹಿಡಿಯದೆ ಯಾರನ್ನೂ ತಡೆಯಲಾಗುವುದಿಲ್ಲ. ಆದ್ದರಿಂದ ತೊಟ್ಟಿಲಿಗೆ ಹಾಕುವ ದಿನ, ಹೊತ್ತು ಮುಳುಗುವ ಮುಂಚೆ, ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕು. ಆಗ ಊರ ಮೇಲೆ ಒಂದು ಸದ್ದೂ ಸುತ್ತುತ್ತಿರಬಾರದು. ಸುತ್ತುತ್ತಿದ್ದರೆ ಹೆಸರು ಕಿವಿಗೆ ಅಂಟುವುದಿಲ್ಲ. ಆ ದಿನ ತಪ್ಪಿದರೆ ಮುಂದೆ ಯಾವತ್ತೂ ಅಂಟುವುದಿಲ್ಲ.

ಹಾಗೆ ತಪ್ಪಿದವನು ಒಬ್ಬನಿದ್ದ, ಹಗ್ಗ ಹೊಸೆಯುವವನು. ಅವನ ತೊಟ್ಟಿಲ ದಿನ ಯಾವುದೋ ಸದ್ದು ಮೇಲೆ ಉಳಿದುಬಿಟ್ಟಿತ್ತಂತೆ. ಊಟಕ್ಕೆ ಅವನನ್ನು ಯಾರೂ ಕರೆಯಲಾರರು, ಹೋಗು ಎಂದು ಕಳಿಸಲೂ ಆರರು. ಬೇಕೆಂದರೆ ಹತ್ತಿರ ಹೋಗಿ ಭುಜ ಮುಟ್ಟಬೇಕು. ಎಷ್ಟು ಜನ ಭುಜ ಮುಟ್ಟುವಷ್ಟು ಹತ್ತಿರ ಹೋಗುತ್ತಾರೆ? ಮದುವೆ ಇಲ್ಲ, ಪಂಕ್ತಿಯಲ್ಲಿ ಎಲೆ ಇಲ್ಲ. ಬಾವಿಯ ಹತ್ತಿರದ ಹುಣಸೆ ಮರದ ಕೆಳಗೆ ಕೂತು ಹಗ್ಗ ಹೊಸೆಯುತ್ತ, ಹೋಗಿಬರುವವರನ್ನು ನೋಡಿ ನಗುತ್ತಿದ್ದ.

ನನ್ನ ಮೊಮ್ಮಗಳಿಗೆ ಹೆಣ್ಣುಮಗು ಹುಟ್ಟಿದ ಬೆಳಿಗ್ಗೆಯೇ ಆ ಸದ್ದು ಎದ್ದಿತು.

ನಾನು ಹೆರಿಗೆ ಕೋಣೆಯ ಹೊರಗೆ ಕೂತಿದ್ದೆ. ಮೊದಲು ಮೊಮ್ಮಗಳು ಕೂಗಿದಳು. ಅದಕ್ಕೆ ಹೆಸರಿದೆ, ಗಡಿಗೆಯೂ ಇದೆ. ಕೂತಲ್ಲಿಂದಲೇ ಬೇನೆಯ ಕೂಗೇ, ಬಾ ಎಂದೆ, ಬಂದು ಕೂತಿತು. ಆಮೇಲೆ ಮಗು ಅತ್ತಿತು, ಅದಕ್ಕೂ ಹೆಸರಿದೆ. ಅದಾದ ಮೇಲೆ ಬಾವಿಯ ಕಡೆಯಿಂದ ಇನ್ನೊಂದು ಎದ್ದಿತು. ಊರಿನ ಹೆಂಗಸರೆಲ್ಲ ಒಟ್ಟಿಗೆ ಎಬ್ಬಿಸಿದ ಸದ್ದು. ಏನು ಅಂದರು ಎಂದು ಕೇಳಿಸಿಕೊಳ್ಳುವಷ್ಟರಲ್ಲಿ ಅದು ಬಂಡೆಗೆ ತಾಗಿ, ಮಾತಿನ ಮೂಲೆಗಳೆಲ್ಲ ಉಜ್ಜಿಹೋಗಿ, ನುಣ್ಣನೆಯ ಕಲ್ಲಿನಂಥ ಬರೀ ಸದ್ದಾಗಿ ಉಳಿಯಿತು.

ನಾನು ಕಲ್ಲಿನ ಹತ್ತಿರ ಬರುವ ಹೊತ್ತಿಗೆ ಹೆಂಗಸರೆಲ್ಲ ಬಾಯಿಯ ಮೇಲೆ ಅಂಗೈ ಇಟ್ಟುಕೊಂಡು ಬಾವಿಕಟ್ಟೆಯ ಸುತ್ತ ನಿಂತಿದ್ದರು. ಕಣ್ಣುಗಳು ಮಾತ್ರ ಕಾಣುತ್ತಿದ್ದವು.

ಊರ ಯಜಮಾನ ಅಷ್ಟರಲ್ಲೇ ಬಂದಿದ್ದ. ಬಿಳಿ ರುಮಾಲು, ಕೈಯಲ್ಲಿ ಕೋಲು, ಮುಖದಲ್ಲಿ ನಿದ್ದೆ ಕೆಟ್ಟ ಸಿಟ್ಟು.

"ಹಿರಿಯಮ್ಮ, ಗಲಾಟೆ ಅನ್ನಿ, ಮುಗಿಸಿ," ಅಂದ.

ನಾನು ಗಲಾಟೆಯೇ, ಬಾ ಎಂದೆ. ಸದ್ದು ಬರಲಿಲ್ಲ. ಗದ್ದಲವೇ ಎಂದೆ. ಕೂಗಾಟವೇ ಎಂದೆ. ಕೋಲಾಹಲವೇ ಎಂದೆ. ಅದು ತಲೆಯ ಮೇಲೆ ಹಾದು ಹೋಗುವಾಗ ತುಸು ಬಾಗಿದಂತೆ ಕಾಣುತ್ತಿತ್ತು, ಆಮೇಲೆ ತನ್ನದಲ್ಲವೆಂದು ಮುಂದಕ್ಕೆ ಹೋಗುತ್ತಿತ್ತು.

"ಹಾಗಾದರೆ ದೊಂಬಿ ಅನ್ನಿ."

"ದೊಂಬಿಯಲ್ಲಿ ಏನಾದರೂ ಒಡೆದಿರಬೇಕಲ್ಲಯ್ಯ. ಇಲ್ಲಿ ಒಂದು ಕೊಡವೂ ಒಡೆದಿಲ್ಲ."

"ನನ್ನ ನಿದ್ದೆ ಒಡೆದಿದೆ."

"ಅದಕ್ಕೆ ಗೊರಕೆಯ ಗಡಿಗೆ ಇದೆ. ನೋಡಿಕೊಂಡು ಹೋಗು, ತುಂಬಿ ತುಳುಕುತ್ತಿದೆ."

ಬಾಯಿ ಮುಚ್ಚಿದ ಹೆಂಗಸರ ಭುಜಗಳು ಅಲುಗಾಡಿದವು. ಯಜಮಾನ ಕೋಲು ಕುಟ್ಟಿ ಹೊರಟುಹೋದ. ಅವನಿಗಾಗಿ ದೊಂಬಿಯೇ ಎಂದೂ ಒಮ್ಮೆ ಕರೆದು ನೋಡಿದೆ. ಸದ್ದು ಅದಕ್ಕೆ ಬಾಗಲೂ ಇಲ್ಲ.

ಮರುದಿನವೂ ಕೂರಲಿಲ್ಲ, ಅದರ ಮರುದಿನವೂ ಕೂರಲಿಲ್ಲ. ಹಾಲು ಹೆಪ್ಪುಗಟ್ಟಲಿಲ್ಲ. ಕೋಳಿಗಳು ಕಾವಿನಿಂದ ಎದ್ದು ಎದ್ದು ಮೇಲೆ ನೋಡಿದವು. ನಾನು ಹೆಸರುಮನೆಯ ಒಂದೊಂದೇ ಗಡಿಗೆಯ ಬಟ್ಟೆ ಬಿಚ್ಚಿ, ಒಳಗಿನ ಸದ್ದನ್ನು ಹೊರಗಿನದರ ಜೊತೆ ಹೋಲಿಸಿ ನೋಡಿದೆ. ಸಂತೆಯ ಗಿಜಿಗಿಜಿ ಸ್ವಲ್ಪ ಹತ್ತಿರ ಬಂತು, ಆದರೆ ಅದಕ್ಕೆ ನೂರು ದಿಕ್ಕು. ಇದಕ್ಕೆ ಒಂದೇ ದಿಕ್ಕು. ಗೋಳಾಟ ಹತ್ತಿರ ಬಂತು, ಆದರೆ ಅದು ಕೆಳಕ್ಕೆ ಜಗ್ಗುತ್ತದೆ. ಇದು ಮುಂದಕ್ಕೆ ತಳ್ಳುತ್ತಿತ್ತು. ಸುಳ್ಳೇಕೆ, ನನಗೆ ಚಿಂತೆಯ ಜೊತೆಗೆ ಒಂದು ಬಗೆಯ ಖುಷಿಯೂ ಆಗುತ್ತಿತ್ತು. ಇಷ್ಟು ವರ್ಷಕ್ಕೆ ನನಗೆ ಗೊತ್ತಿಲ್ಲದ ಸದ್ದೊಂದು ನಮ್ಮೂರಿಗೆ ಬಂದಿತ್ತು. ಇದು ಯಾವುದಿರಬಹುದು?

ಆದರೆ ತೊಟ್ಟಿಲ ದಿನ ಹತ್ತಿರವಾಗುತ್ತಿತ್ತು. ಮೊಮ್ಮಗಳು ಬಾಣಂತಿ ಕೋಣೆಯಲ್ಲಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಸುಮ್ಮನೆ ಕೂತಿರುತ್ತಿದ್ದಳು. ಕೇಳಿದ್ದಕ್ಕೆ ತಲೆಯಾಡಿಸುತ್ತಿದ್ದಳೇ ಹೊರತು ಮಾತಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡಿರುತ್ತಿದ್ದಳು.

"ಸುಸ್ತು ಕಣೆ ಇವಳಿಗೆ," ಅಂದೆ ಸೂಲಗಿತ್ತಿಗೆ.

ಸೂಲಗಿತ್ತಿ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು. "ಸುಸ್ತಾಗದೆ ಏನಮ್ಮ? ಎರಡು ಸಲ ಕೂಗಿದಳು. ಒಂದು ಮಗುವಿಗೆ. ಇನ್ನೊಂದು ಯಾತಕ್ಕೋ, ಮಗು ಬಂದ ಮೇಲೆ. ನಾನು ಹೊಕ್ಕುಳಬಳ್ಳಿ ನೋಡಲೋ ಇವಳ ಬಾಯಿ ನೋಡಲೋ?" ಆಮೇಲೆ ಮಗುವಿನ ಮೂಗು ತೀಡುತ್ತ ಅಂದಳು, "ಈ ಗಿಣಿಮೂಗಿಯನ್ನ ಏನಂತ ಕರೆಯೋದು ಹೇಳಿ. ಮೇಲಿರೋದು ಇಳಿಯದಿದ್ದರೆ ಹಗ್ಗದವನ ಪಕ್ಕ ಇನ್ನೊಂದು ಮಣೆ ಹಾಕಬೇಕಾಗುತ್ತೆ."

ಅವಳು ತಮಾಷೆಗೆ ಅಂದಿದ್ದಳು. ಮೊಮ್ಮಗಳ ಕಣ್ಣಿನಿಂದ ನೀರು ಇಳಿದು ಸೆರಗು ನೆನೆಯಿತು. ನಾನು ಎದ್ದು ಹೊರಗೆ ಬಂದೆ.

ತೊಟ್ಟಿಲ ದಿನ ಬಂತು. ತೊಟ್ಟಿಲು ತೊಳೆದರು, ಅರಿಶಿನ ಹಚ್ಚಿದರು, ಬೇವಿನ ಎಸಳು ಕಟ್ಟಿದರು. ಸದ್ದು ಮೇಲೆ ಸುತ್ತುತ್ತಲೇ ಇತ್ತು. ಹೊತ್ತು ನೆತ್ತಿಯಿಂದ ಜಾರುವಾಗ ನಾನು ಹೆಸರುಮನೆಗೆ ಹೋಗಿ, ಎಲ್ಲ ಗಡಿಗೆಗಳ ಹಿಂದೆ ಇಟ್ಟಿದ್ದ ಬೆಳ್ಳಿಯ ಕುಂಕುಮದ ಭರಣಿಯನ್ನು ತೆಗೆದೆ.

ಬಂಡೆಗಳನ್ನು ದಾಟಿ ಹೋಗಿ ಕಾಲೇಜಿನಲ್ಲಿ ಓದಿ ಬಂದ ನಮ್ಮೂರಿನ ಮೊದಲ ಹೆಣ್ಣು ನಾನು. ಇದನ್ನು ಯಾರೂ ಮರೆಯಬಾರದೆಂದು ಆಗಾಗ ನಾನೇ ಹೇಳುತ್ತಿರುತ್ತೇನೆ. ಕಾಲೇಜು ಬಿಡುವ ದಿನ ನಮ್ಮ ಇಂಗ್ಲಿಷ್ ಮೇಡಂ ಒಬ್ಬೊಬ್ಬ ಹುಡುಗಿಗೂ ಒಂದೊಂದು ಪದ ಕೊಟ್ಟಿದ್ದರು, ಬೇರೆಯವರು ಹೂವು ಕೊಡುವ ಹಾಗೆ. ನನ್ನ ಊರಿನ ವಿಷಯ ಅವರಿಗೆ ಗೊತ್ತಿತ್ತು. ಆದ್ದರಿಂದಲೋ ಏನೋ ನನಗೆ ಸದ್ದಿನ ಪದವನ್ನೇ ಕೊಟ್ಟರು. ಕ್ಲಾಮರ್. ನಾನು ತಕ್ಷಣ ಅರ್ಥ ಕೇಳಿದೆ.

"ಗದ್ದಲ ಅಂತ ಬರೆದರೆ ಪರೀಕ್ಷೆಯಲ್ಲಿ ಪೂರ್ತಿ ಅಂಕ ಸಿಗುತ್ತೆ," ಅಂದಿದ್ದರು ಮೇಡಂ. "ಆದರೆ ಇದನ್ನು ಗುಡುಗಿಗೆ ಬಳಸಬೇಡ, ಬಿದ್ದ ಪಾತ್ರೆಗೆ ಬಳಸಬೇಡ. ಒಬ್ಬಳೇ ಕೂಗಿದರೂ ಬಳಸಬೇಡ. ಹಲವು ಗಂಟಲು ಸೇರಿರಬೇಕು." ಇನ್ನೂ ಏನೋ ಹೇಳುತ್ತಿದ್ದರು, ಅಷ್ಟರಲ್ಲಿ ನನ್ನನ್ನು ಕರೆದೊಯ್ಯಲು ಬಂದ ಗಾಡಿ ಗೇಟಿನ ಹತ್ತಿರ ನಿಂತಿತ್ತು. ಅವರು ಗಾಡಿಯ ಜೊತೆ ಸ್ವಲ್ಪ ದೂರ ನಡೆದುಕೊಂಡೇ ಹೇಳಿದರು. ಆ ಕೊನೆಯ ಮಾತು ಅಂದಿನಿಂದ ನೆನಪಿಗೆ ಬಂದಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ನಮ್ಮೂರಿನ ಸದ್ದುಗಳಿಗೆ ನಮ್ಮ ಪದಗಳೇ ಸಾಕಾಗಿದ್ದವು. ಆ ಪದವನ್ನು ಮಾತ್ರ ಈ ಭರಣಿಯಲ್ಲಿ ಜೋಪಾನವಾಗಿ ಮುಚ್ಚಿಟ್ಟಿದ್ದೆ.

ಭರಣಿ ಹಿಡಿದು ಕಲ್ಲು ಹತ್ತಿದೆ. ಬಾಯಿಗೆ ಅಂಗೈ ಒತ್ತಿಕೊಂಡ ಹೆಂಗಸರು ಎಂದಿನಂತೆ ಬಾವಿಯ ಸುತ್ತ ನಿಂತಿದ್ದರು. ಗಂಡಸರು ಹುಣಸೆ ಮರದ ಆಚೆ ಸೇರಿದ್ದರು. ಯಜಮಾನ ಮುಂದೆ ಬಂದ.

"ಅದೇನದು?"

"ಇಂಗ್ಲಿಷ್ ಪದ."

"ಚೆನ್ನಾಯಿತು! ನಮ್ಮೂರ ಹೆಂಗಸರು ಯಾವಾಗ ಇಂಗ್ಲಿಷಿನಲ್ಲಿ ಕಿರುಚೋಕೆ ಕಲಿತರು?"

"ಕಿರುಚಿದ್ದು ಯಾವ ಭಾಷೆಯಲ್ಲಿ ಅಂತ ನೀನು ಕೇಳಿಸಿಕೊಂಡೆಯಾ? ನಾನೂ ಕೇಳಿಸಿಕೊಳ್ಳಲಿಲ್ಲ. ಸುಮ್ಮನಿರು ಸ್ವಲ್ಪ."

ಭರಣಿ ತೆರೆದೆ. ಬಲಗೈ ಕಿವಿಯ ಹಿಂದೆ ಇಟ್ಟು ಕರೆದೆ: "ಕ್ಲಾಮರೇ, ಬಾ."

ಸದ್ದು ನಿಂತಿತು. ಮೊದಲ ಸಲ ಬಂಡೆಯಿಂದ ಬಂಡೆಗೆ ಹಾರುವುದನ್ನು ಬಿಟ್ಟು ಊರಿನ ನಡುವಿಗೆ ಬಂತು. ಮೆಲ್ಲಗೆ ಇಳಿಯಿತು. ಮನೆಗಳ ಸೂರಿನಷ್ಟು ಕೆಳಗೆ ಬಂತು, ಬಾವಿಯ ಕಂಬಗಳಷ್ಟು ಕೆಳಗೆ ಬಂತು, ನನ್ನ ಮುಖದ ಎದುರಿಗೇ ಬಂದು ನಿಂತಿತು. ಕೂರಲಿಲ್ಲ. ನಾನು ಭರಣಿಯನ್ನು ಮುಂದೆ ಹಿಡಿದೆ. ಅದು ಭರಣಿಯನ್ನು ನೋಡಲಿಲ್ಲ, ನನ್ನನ್ನೇ ನೋಡಿತು. ಯಾವುದೋ ಮಾತಿಗೆ ಕಾಯುವವರ ಹಾಗೆ ನಿಂತಿತ್ತು.

ಹಾಗೆ ಕಾಯುವ ಮುಖವನ್ನು ನಾನು ಹಿಂದೆ ಒಮ್ಮೆ ನೋಡಿದ್ದೆ. ಗಾಡಿಯ ಪಕ್ಕದಲ್ಲಿ ನಡೆಯುತ್ತಿದ್ದ ಮೇಡಂ ಮುಖ. ಅವರ ಕೊನೆಯ ಮಾತು ತಾನಾಗಿ ನೆನಪಿಗೆ ಬಂತು.

"ಗುಡುಗಿಗೆ ಏನೂ ಬೇಕಾಗಿರಲ್ಲ ನೋಡು. ಇದಕ್ಕೆ ಏನೋ ಬೇಕಾಗಿರುತ್ತೆ. ಮೆಲ್ಲಗೆ ಕೇಳಿ ಕೇಳಿ ಸಾಕಾದವರು ಒಟ್ಟಿಗೆ ಎತ್ತುವ ದನಿ ಇದು. ಆದ್ದರಿಂದ ಏನು ಬೇಕು ಅಂತ ವಿಚಾರಿಸದೆ ಈ ಪದ ಬಳಸಬಾರದು."

ನಾನು ಭರಣಿಯನ್ನು ಕೆಳಗಿಟ್ಟೆ. ಹೆಸರುಕಲ್ಲಿನ ಮೇಲೆ ನಿಂತು ನನ್ನ ಅತ್ತೆ ಎಂದೂ ಕೇಳದಿದ್ದ, ಅವರ ಅತ್ತೆಯೂ ಕೇಳದಿದ್ದ ಪ್ರಶ್ನೆ ಕೇಳಿದೆ.

"ಏನು ಬೇಕ್ರಮ್ಮ ನಿಮಗೆ?"

ಹೆಂಗಸರು ಒಬ್ಬರನ್ನೊಬ್ಬರು ನೋಡಿದರು. ಸದ್ದು ಕೂರುವ ಮುಂಚೆ ಬಾಯಿಂದ ಕೈ ತೆಗೆದು ಮಾತಾಡಿದವರು ನಮ್ಮೂರಿನಲ್ಲಿ ಇಲ್ಲ. ಯಾರೂ ಕದಲಲಿಲ್ಲ. ನೆರಳುಗಳು ಉದ್ದವಾಗುತ್ತಿದ್ದವು.

ಆಗ ನಮ್ಮ ಮನೆಯ ಬಾಗಿಲು ತೆರೆಯಿತು. ಬಾಣಂತಿ ಹೊಸ್ತಿಲು ದಾಟಬಾರದು. ನನ್ನ ಮೊಮ್ಮಗಳು ದಾಟಿದಳು. ತಲೆಗೆ ಬಟ್ಟೆ ಬಿಗಿದುಕೊಂಡು, ಎದೆಗೆ ಮಗುವನ್ನು ಒತ್ತಿಕೊಂಡು ಬಾವಿಯ ಹತ್ತಿರ ಬಂದಳು. ಸೂಲಗಿತ್ತಿ ಹಿಂದೆಯೇ ಓಡಿ ಬಂದಳು. "ಏನಮ್ಮಾ ಇದು, ಗಾಳಿ ಹಿಡಿದರೆ ಏನು ಗತಿ!" ಮೊಮ್ಮಗಳು ಮಗುವನ್ನು ಅವಳ ಕೈಗೆ ಕೊಟ್ಟಳು. ಬಾಯಿಗೆ ಒತ್ತಿದ್ದ ಸೆರಗು ತೆಗೆದಳು. ಆಮೇಲೆ ಎರಡೂ ಅಂಗೈಗಳನ್ನು ನನ್ನ ಎದುರಿಗೆ ಬಿಡಿಸಿ ಹಿಡಿದಳು.

ಅಡ್ಡಕ್ಕೆ ಗೀಚಿದಂತೆ ಗಾಯಗಳಿದ್ದವು. ಹಳೆಯದರ ಮೇಲೆ ಹೊಸದು.

"ರಾಟೆ ಬೇಕು ಅಜ್ಜಿ," ಅಂದಳು. "ಅವತ್ತು ನಾನೂ ಒಳಗಿನಿಂದ ಅದನ್ನೇ ಕೂಗಿದೆ. ರಾಟೆ ಬೇಕು."

ಒಬ್ಬೊಬ್ಬರಾಗಿ ಹೆಂಗಸರು ಬಾಯಿಂದ ಕೈ ತೆಗೆದರು. ಇಷ್ಟು ದಿನ ಬಾಯಿಗೆ ಒತ್ತಿಕೊಂಡಿದ್ದ ಅಂಗೈಗಳೆಲ್ಲ ಹೊರಕ್ಕೆ ತಿರುಗಿದವು. ಎಲ್ಲರದೂ ಹಾಗೇ ಇದ್ದವು. ನಮ್ಮ ಪದ್ಧತಿಯೇ ಆ ಗಾಯಗಳನ್ನು ನಮ್ಮ ಕಣ್ಣಿನಿಂದ ಮುಚ್ಚಿಟ್ಟಿತ್ತು.

ನಾನು ಬಾವಿಯ ಕಡೆ ನೋಡಿದೆ. ಎರಡು ಕಂಬ, ಅಡ್ಡ ಒಂದು ತೊಲೆ. ತೊಲೆಯಲ್ಲಿ ರಾಟೆ ಇರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಯಜಮಾನ ಅದನ್ನು ಬಿಚ್ಚಿಸಿ ತನ್ನ ಮನೆಯ ಜಗುಲಿಯ ಮೂಲೆಯಲ್ಲಿ ಇಡಿಸಿದ್ದ. ಬೆಳಗಾದರೆ ಅದು ಕಿರ್ರೋ ಎನ್ನುತ್ತದೆ, ದಿನಾ ಅದಕ್ಕೆ ಹೆಸರು ಕರೆಯುವ ಕೆಲಸ ಹಿರಿಯಮ್ಮನಿಗೆ ಯಾಕೆ, ಊರಿಗೆ ಶಾಂತಿ ಇರಲಿ ಎಂದಿದ್ದ. ಊರು ಹೌದು ಎಂದಿತ್ತು. ಅಂದಿನಿಂದ ಹೆಂಗಸರು ಬರಿಗೈಯಲ್ಲಿ ಹಗ್ಗ ಎಳೆದು ನೀರು ಸೇದುತ್ತಿದ್ದರು. ನಮ್ಮ ಮನೆಯ ನೀರನ್ನು ಮೊಮ್ಮಗಳು ತುಂಬು ಬಸುರಿನಲ್ಲೂ ಸೇದಿ ತಂದಿದ್ದಳು.

"ಮೊದಲೇ ಕೇಳಬಹುದಿತ್ತಲ್ಲ," ಅಂದ ಯಜಮಾನ.

"ಕೇಳಿದೆವಲ್ಲ," ಅಂದಳು ಬಾವಿಕಟ್ಟೆಯ ಮೇಲಿದ್ದ ಒಬ್ಬಳು. "ನಿಮ್ಮ ಬಾಗಿಲಿಗೆ ಬಂದು ಕೇಳಿದೆವು. ಕಡಲೆಕಾಯಿ ಸುಲಿಯುತ್ತ ಹೂಂ ಹೂಂ ಅಂದಿರಿ. ಮತ್ತೆ ಬಂದೆವು. ಮತ್ತೆ ಹೂಂ ಅಂದಿರಿ. ನಿಮ್ಮ ಬಾಯಲ್ಲಿ ಹೂಂ ಅಂದರೆ ಕಡಲೆ ಅಂತ ನಮಗೆ ಆಮೇಲೆ ತಿಳಿಯಿತು."

"ಕೂಗಿದ್ದಕ್ಕೆಲ್ಲ ಕೊಟ್ಟರೆ ನಾಳೆ ಇನ್ನೊಂದಕ್ಕೆ ಕೂಗುತ್ತಾರೆ, ಹಿರಿಯಮ್ಮ. ನಿಮಗೆ ಬೇಕಾದ್ದು ಹೆಸರು ತಾನೆ? ಸಿಕ್ಕಿತಲ್ಲ. ಮುಚ್ಚಳ ಹಾಕಿ."

"ನೋಡು, ಅದು ಇನ್ನೂ ನಿಂತೇ ಇದೆ. ಹೊತ್ತು ಬಂಡೆಯ ಅಂಚಿಗೆ ಬಂತು. ರಾಟೆ ಕೊಡು."

"ಕೊಡಲ್ಲ."

ಬಾವಿಕಟ್ಟೆಯಿಂದ ಮಾತಾಡಿದವಳು ಯಜಮಾನನ ಮನೆಯ ಕಡೆ ಹೆಜ್ಜೆ ಇಟ್ಟಳು. ಅವನು ಅವಳ ಹೆಸರು ಹಿಡಿದು ಕರೆದ. ಅವಳ ಕಾಲು ನಿಂತಿತು. ಇನ್ನೊಬ್ಬಳು ಹೊರಟಳು, ಅವಳ ಹೆಸರನ್ನೂ ಕರೆದ. ಒಬ್ಬೊಬ್ಬರನ್ನಾಗಿ ಎಲ್ಲರನ್ನೂ ನಿಲ್ಲಿಸಿದ. ಊರಿನ ಎಲ್ಲರ ಹೆಸರೂ ಅವನಿಗೆ ಬಾಯಿಪಾಠ. ನಾನು ಕಲ್ಲಿನಿಂದ ಇಳಿದು ನಡೆದೆ. ಅವನು ಸ್ವಲ್ಪ ತಡವರಿಸಿದ, ಆಮೇಲೆ ನನ್ನ ಹೆಸರನ್ನೂ ಕರೆದ. ನನ್ನ ಅತ್ತೆ ತೀರಿಕೊಂಡ ಮೇಲೆ ಯಾರೂ ಕರೆಯದಿದ್ದ ಹೆಸರು. ಎಷ್ಟು ಓದಿದ್ದರೇನು, ನನ್ನ ಕಾಲೂ ನಿಂತುಬಿಟ್ಟಿತು.

ಹೊತ್ತಿನ ಕೆಳಗಿನ ಅಂಚು ಬಂಡೆಗೆ ತಾಗಿತು. ಸೂಲಗಿತ್ತಿಯ ತೋಳಿನಲ್ಲಿ ಮಗು ಕಣ್ಣು ಬಿಟ್ಟಿತ್ತು. ಮೊಮ್ಮಗಳು ನಿಂತಲ್ಲೇ ನಿಂತು ನನ್ನನ್ನು ನೋಡಿದಳು.

ಹುಣಸೆ ಮರದ ಕೆಳಗಿನಿಂದ ಹಗ್ಗ ಹೊಸೆಯುವವನು ಎದ್ದ. ಮೈಮೇಲಿನ ನಾರು ಕೊಡವಿಕೊಂಡ. ನಡೆದ.

"ಏಯ್!" ಅಂದ ಯಜಮಾನ.

ಅವನು ನಡೆಯುತ್ತಲೇ ಇದ್ದ. ಯಜಮಾನ ಬಾಯಿ ತೆರೆದ. ಅದರಿಂದ ಏನೂ ಹೊರಡಲಿಲ್ಲ. ಮುಚ್ಚಿದ, ಮತ್ತೆ ತೆರೆದ. ಓಡಿ ಹೋಗಿ ಭುಜ ಮುಟ್ಟಬಹುದಿತ್ತು, ಆದರೆ ಅಭ್ಯಾಸವಿರಲಿಲ್ಲ. ಹಗ್ಗದವನು ಜಗುಲಿ ಹತ್ತಿ, ಮೂಲೆಯಲ್ಲಿ ಕಡಲೆ ಸಿಪ್ಪೆಯ ಕೆಳಗೆ ಬಿದ್ದಿದ್ದ ರಾಟೆಯನ್ನು ಎತ್ತಿ ಹೆಗಲ ಮೇಲೆ ಇಟ್ಟುಕೊಂಡು ಹಾಗೇ ವಾಪಸು ಬಂದ. ತೊಲೆಗೆ ಸಿಕ್ಕಿಸಿದ. ತಾನು ಹೊಸೆದ ಹೊಸ ಹಗ್ಗವನ್ನು ಮೇಲೆ ಹಾಯಿಸಿ, ತುದಿಗೆ ಕೊಡ ಕಟ್ಟಿ ಬಾವಿಗೆ ಬಿಟ್ಟ.

ಹೆಸರುಕಲ್ಲಿನ ಎದುರಿಗೆ ನಿಂತಿದ್ದ ಸದ್ದು ತಿರುಗಿತು. ಇಳಿಯುತ್ತಿದ್ದ ಕೊಡದ ಜೊತೆ ಬಾವಿಯೊಳಗೆ ಇಳಿಯಿತು. ನೀರು ಮುಟ್ಟಿದ ಸಪ್ಪಳವೂ ಆಗಲಿಲ್ಲ.

ಊರು ನಿಶ್ಶಬ್ದವಾಯಿತು. ಬಂಡೆಗಳು ಬರಿದಾಗಿ ನಿಂತವು. ಯಜಮಾನ ಕರೆದ ಹೆಸರುಗಳೂ ನಮ್ಮ ಕಾಲು ಬಿಟ್ಟವು. ಕಾಲು ಸಡಿಲವಾದ ಮೊಮ್ಮಗಳು ಮಗುವನ್ನು ತೆಗೆದುಕೊಂಡು ಅದರ ಕಿವಿಗೆ ತುಟಿ ಇಟ್ಟಳು. ಮಗು ತಲೆ ತಿರುಗಿಸಿತು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಕರೆಯುತ್ತೀರಿ, ಕರೆದರೆ ಅವಳು ನಿಲ್ಲಬೇಕಾಗುತ್ತದೆ.

ಮೊಮ್ಮಗಳು ಕೊಡ ಎಳೆಯಿರಿ ಎಂದಳು. ಹೆಂಗಸರು ಹಗ್ಗ ಹಿಡಿದರು. ರಾಟೆ ಕಿರ್ರೋ ಎಂದು ಕೂಗಿತು. ಆ ಕೂಗು ಎದ್ದು ಒಂದು ಬಂಡೆಗೆ ತಾಗಿ ಇನ್ನೊಂದಕ್ಕೆ ಹಾರಿತು. ಊರೆಲ್ಲ ರೂಢಿಯಂತೆ ನನ್ನ ಕಡೆ ತಿರುಗಿತು. ಅದರ ಹೆಸರು ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಬೆಳ್ಳಿಯ ಭರಣಿಯನ್ನು ಕೈಗೆತ್ತಿಕೊಂಡೆ, ಮುಚ್ಚಳ ಹಾಕದೆ ಮಡಿಲಿನಲ್ಲಿ ಇಟ್ಟುಕೊಂಡೆ, ಕಲ್ಲು ಹತ್ತದೆ ಹೋಗಿ, ಹುಣಸೆ ಮರದ ಕೆಳಗೆ ಮತ್ತೆ ಬಂದು ಕೂತಿದ್ದ ಹಗ್ಗದವನ ಭುಜ ಮುಟ್ಟಿದೆ.

"ಈಗ ತಾನೆ ಆದಂಥ ನಿಶ್ಶಬ್ದ ನಮ್ಮೂರಲ್ಲಿ ಹಿಂದೆ ಆಗಿರಲಿಲ್ಲ ಕಣಪ್ಪ," ಅಂದೆ. "ಇಂಥದ್ದರಲ್ಲಿ ನಿನಗೂ ಒಂದು ಹೆಸರು ಅಂಟಬಹುದು. ಇದೊಂದು ಸದ್ದು ಕೂರಿಸಿಬಿಡುತ್ತೇನೆ. ಇಟ್ಟು ನೋಡೋಣವಾ?"

ಅವನು ಮೇಲೆ ಸುತ್ತುತ್ತಿದ್ದ ರಾಟೆಯ ಕೂಗನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಇನ್ನೂ ಬಾಯಿ ತೆರೆದುಕೊಂಡೇ ನಿಂತಿದ್ದ ಯಜಮಾನನನ್ನು ನೋಡಿದ. ನಕ್ಕ.

"ಬೇಡ ಹಿರಿಯಮ್ಮ," ಅಂದ. "ಇನ್ನೊಂದು ಸಲ ರಾಟೆ ಹೋದರೆ ತರೋರು ಯಾರು?"